ನಾಲ್ಕು ಕ್ಷೇತ್ರ, ನಾಲ್ಕು ಫಲಿತಾಂಶ: 'ವೇಸ್ಟ್ ವೋಟು' ಅಂದ್ರೆ ಏನು?

ಈ ಸಲ ಕೋಡಿಂಗ್ ಇಲ್ಲ, ಕವನ ಇಲ್ಲ, ಪ್ಲೇಸ್‌ಮೆಂಟ್ ಟಿಪ್ಸ್ ಕೂಡ ಇಲ್ಲ. ಈ ಸಲದ ಪಾಠ ವೋಟಿನ ಲೆಕ್ಕದ ಬಗ್ಗೆ. ನಾವು ಸೆಕೆಂಡ್ ಇಯರ್‌ನವರಲ್ಲಿ ಬಹಳ ಮಂದಿಗೆ ಈಗ ಹತ್ತೊಂಬತ್ತು. 2023ರ ವಿಧಾನಸಭೆ ಚುನಾವಣೆ ನಡೆದಾಗ ನಮಗೆ ವೋಟು ಇರಲಿಲ್ಲ, ಬೆರಳಿಗೆ ಇನ್ನೂ ಶಾಯಿ ಬಿದ್ದಿಲ್ಲ. ಆದರೆ ಹಾಸ್ಟೆಲ್‌ನಲ್ಲಿ ರಾಜಕೀಯದ ಮಾತು ಶುರುವಾದರೆ ಒಂದು ವಾಕ್ಯ ಮಾತ್ರ ತಪ್ಪದೆ ಬರುತ್ತೆ: "ಆ ಸಣ್ಣ ಪಾರ್ಟಿಗೆ ಹಾಕಿದ್ರೆ ನಿನ್ ವೋಟು ವೇಸ್ಟ್." ಅದಕ್ಕೆ ಉತ್ತರ ಕೂಡ ರೆಡಿ ಇರುತ್ತೆ: "ಮನಸ್ಸಿಗೆ ಒಪ್ಪದವರಿಗೆ ಹಾಕೋದು ಇನ್ನೂ ದೊಡ್ಡ ವೇಸ್ಟ್." ಆಮೇಲೆ ಜೋರು ದನಿ, ಆಮೇಲೆ ಮೌನ, ಆಮೇಲೆ ಎಲ್ಲರೂ ಮೊಬೈಲಿಗೆ ವಾಪಸ್.

ಎರಡೂ ಮಾತು ಅರ್ಧ ನಿಜ ಅನ್ನೋದು ನಮ್ಮ ಅಭಿಪ್ರಾಯ. ಯಾವಾಗ ಯಾವುದು ನಿಜ ಅನ್ನೋದನ್ನು ಕಂಡುಹಿಡಿಯೋದಕ್ಕೆ ಒಂದು ವಿಧಾನ ಬೇಕು. ಆ ವಿಧಾನವನ್ನು ಕಲಿಯೋದಕ್ಕೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯಷ್ಟು ಒಳ್ಳೆಯ ಲ್ಯಾಬ್ ಬೇರೆ ಸಿಗೋದು ಕಷ್ಟ. ಯಾಕೆ ಅಂತ ಮುಂದೆ ನೋಡೋಣ.

ಮೊದಲು ಎರಡು ಪದ

ನಮಗೆ ಯಾರು ಹೆಚ್ಚು ಇಷ್ಟವೋ ಅವರಿಗೇ ವೋಟು ಹಾಕಿದರೆ ಅದು 'ಮನಸ್ಸಿನ ಮತ'. ಇಷ್ಟವಾದವರು ಗೆಲ್ಲೋದಿಲ್ಲ ಅಂತ ಅನ್ನಿಸಿ, ಗೆಲ್ಲುವ ಸಾಧ್ಯತೆ ಇರುವ ಇಬ್ಬರಲ್ಲಿ ಕಡಿಮೆ ಕೆಟ್ಟವರಿಗೆ ಹಾಕಿದರೆ ಅದು 'ಲೆಕ್ಕಾಚಾರದ ಮತ'. ಲೆಕ್ಕಾಚಾರ ಅಂದ ಕೂಡಲೇ ಅದು ಮೋಸ ಅಂತ ಅಂದುಕೊಳ್ಳಬೇಡಿ. ದುಡ್ಡು ತಗೊಂಡು ಹಾಕೋದು ಬೇರೆ, ಯೋಚನೆ ಮಾಡಿ ಎರಡನೇ ಆಯ್ಕೆಗೆ ಹಾಕೋದು ಬೇರೆ.

ಇಂಥ ಲೆಕ್ಕ ಯಾಕೆ ಹುಟ್ಟುತ್ತೆ? ನಮ್ಮ ವಿಧಾನಸಭೆ, ಲೋಕಸಭೆ ಎರಡರಲ್ಲೂ ಇರೋದು 'ಎಲ್ಲರಿಗಿಂತ ಹೆಚ್ಚು ಮತ ಪಡೆದವರು ಗೆದ್ದರು' ಅನ್ನುವ ಪದ್ಧತಿ. ಅರ್ಧಕ್ಕಿಂತ ಹೆಚ್ಚು ಬೇಕು ಅಂತ ಇಲ್ಲ. ಎರಡನೆಯವರಿಗಿಂತ ಒಂದು ಹೆಚ್ಚಾದರೂ ಸಾಕು. 2004ರಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ ಅಕ್ಷರಶಃ ಹಾಗೇ ಆಯ್ತು. ಕಾಂಗ್ರೆಸ್‌ನ ಆರ್. ಧ್ರುವನಾರಾಯಣ ಅವರಿಗೆ 40,752, ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಅಂತರ ಒಂದೇ ಒಂದು ವೋಟು.

ಮೆಸ್ಸಿನ ಉದಾಹರಣೆ

ಲೆಕ್ಕಕ್ಕೆ ಅಂತ ಒಂದು ಹಾಸ್ಟೆಲ್ ಇಟ್ಟುಕೊಳ್ಳೋಣ. ಅಲ್ಲಿ 100 ಜನ. ಭಾನುವಾರ ಸಾಯಂಕಾಲಕ್ಕೆ ಯಾವ ತಿಂಡಿ ಅಂತ ವೋಟು. ಗೋಬಿ ಮಂಚೂರಿಗೆ 40, ಒಗ್ಗರಣೆ ಮಂಡಕ್ಕಿಗೆ 35, ಗಿರ್ಮಿಟ್‌ಗೆ 25. ಗೋಬಿ ಗೆದ್ದಿತು. ಆದರೆ ಗಿರ್ಮಿಟ್‌ನವರನ್ನು ಕೇಳಿದರೆ ಅವರ ಎರಡನೇ ಆಯ್ಕೆ ಮಂಡಕ್ಕಿ. ಮಂಡಕ್ಕಿಯವರ ಎರಡನೇ ಆಯ್ಕೆ ಗಿರ್ಮಿಟ್. ಅಂದರೆ 60 ಜನಕ್ಕೆ ಗೋಬಿಯೇ ಕೊನೇ ಆಯ್ಕೆ, ಆದರೂ ತಟ್ಟೆಗೆ ಬಂದಿದ್ದು ಗೋಬಿ. ಇದನ್ನೇ ಪೇಪರ್‌ನಲ್ಲಿ 'ಮತ ವಿಭಜನೆ' ಅಂತಾರೆ.

ಈಗ ಗಿರ್ಮಿಟ್ ಗುಂಪಿನ 25 ಜನರೂ ಬದಲಾಗಬೇಕಾ? ಬೇಡ. ಬರೀ 6 ಜನ ಮಂಡಕ್ಕಿಗೆ ಹಾಕಿದರೆ 41 ಆಗಿ ಗೋಬಿ ಸೋಲುತ್ತೆ. ಉಳಿದ 19 ಜನ ಆರಾಮಾಗಿ ಗಿರ್ಮಿಟ್‌ಗೇ ಹಾಕಬಹುದು. ಪ್ರಶ್ನೆ ಏನು ಅಂದ್ರೆ, ಆ ಆರು ಜನ ಯಾರು? ಎಲ್ಲರೂ 'ಬೇರೆ ಯಾರಾದ್ರೂ ಬದಲಾಯಿಸಲಿ' ಅಂತ ಕೂತರೆ ಯಾರೂ ಬದಲಾಗಲ್ಲ. ಎಲ್ಲರೂ ಹೆದರಿ ಬದಲಾದರೆ ಗಿರ್ಮಿಟ್‌ಗೆ ಸೊನ್ನೆ ಬಂದು, 'ಈ ಹಾಸ್ಟೆಲ್‌ನಲ್ಲಿ ಗಿರ್ಮಿಟ್ ಯಾರಿಗೂ ಬೇಡ' ಅಂತ ಮುಂದಿನ ವರ್ಷ ಮೆನುವಿನಿಂದಲೇ ತೆಗೆದುಬಿಡ್ತಾರೆ. ಸಣ್ಣ ಪಕ್ಷದ ಸಂಕಟ ಪೂರ್ತಿ ಈ ಒಂದು ಉದಾಹರಣೆಯಲ್ಲಿದೆ.

ಫ್ರಾನ್ಸ್‌ನ ವಿದ್ವಾಂಸ ಮೌರಿಸ್ ಡುವರ್ಜೆ 1951ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಇದನ್ನು ನಿಯಮದ ಥರ ಹೇಳಿದರು: ಒಂದು ಕ್ಷೇತ್ರಕ್ಕೆ ಒಬ್ಬರೇ ಪ್ರತಿನಿಧಿ, ಹೆಚ್ಚು ಮತ ಪಡೆದವರೇ ಗೆದ್ದರು ಅನ್ನುವ ಕಡೆ ಸ್ಪರ್ಧೆ ನಿಧಾನಕ್ಕೆ ಇಬ್ಬರ ನಡುವೆ ಬಂದು ನಿಲ್ಲುತ್ತೆ. ಕಾರಣ ಎರಡು. ಒಂದು, ಮೂರನೆಯವರಿಗೆ ಮತ ಬಂದರೂ ಸೀಟು ಬರಲ್ಲ. ಎರಡು, ಅದನ್ನು ನೋಡಿದ ಮತದಾರ ಮುಂದಿನ ಸಲ ಮೂರನೆಯವರ ಕಡೆ ಹೋಗೋದೇ ಇಲ್ಲ.

ರಾಜ್ಯದ ಅಂಕಿ ಏನು ಹೇಳುತ್ತೆ

ಮತ ವಿಭಜನೆ ಎಷ್ಟು ದೊಡ್ಡ ವಿಷಯ ಅನ್ನೋದಕ್ಕೆ ಕರ್ನಾಟಕದ ಎರಡು ಉದಾಹರಣೆ ಸಾಕು.

2008ರಲ್ಲಿ ಕಾಂಗ್ರೆಸ್‌ಗೆ ಸುಮಾರು 35% ಮತ, 80 ಸ್ಥಾನ. 2013ರಲ್ಲಿ ಸುಮಾರು 37% ಮತ, 122 ಸ್ಥಾನ. ಎರಡು ಪರ್ಸೆಂಟ್‌ನಷ್ಟು ಏರಿಕೆಗೆ 42 ಸೀಟು ಹೆಚ್ಚಾಯ್ತು! ಯಾಕಂದ್ರೆ ಆ ನಡುವೆ ಬಿಜೆಪಿ ಒಡೆದಿತ್ತು. ಯಡಿಯೂರಪ್ಪ ಅವರ ಕೆಜೆಪಿ ಸುಮಾರು 10% ಮತ ತಗೊಂಡು 6 ಸೀಟು ಗೆದ್ದಿತು. ಶ್ರೀರಾಮುಲು ಅವರ ಬಿಎಸ್‌ಆರ್ ಕಾಂಗ್ರೆಸ್ 4 ಸೀಟು ಗೆದ್ದಿತು. ಬಿಜೆಪಿ 110ರಿಂದ 40ಕ್ಕೆ ಇಳಿಯಿತು.

ಎರಡನೇದು 2018 ಮತ್ತು 2023. ಬಿಜೆಪಿಗೆ ಎರಡೂ ಸಲ ಸುಮಾರು 36% ಮತ. ಆದರೆ ಸೀಟು 104ರಿಂದ 66ಕ್ಕೆ ಬಂತು. ಅವರ ಮತ ಹೆಚ್ಚುಕಡಿಮೆ ಹಾಗೇ ಇತ್ತು, ಎದುರಿನ ಮತ ಒಂದು ಕಡೆ ಸೇರಿತು. ಜೆಡಿಎಸ್ ಸುಮಾರು 18%ನಿಂದ 13%ಗೆ ಇಳಿದರೆ, ಕಾಂಗ್ರೆಸ್ 38%ನಿಂದ 43%ಗೆ ಏರಿತು. ಜೆಡಿಎಸ್ ಬಿಟ್ಟ ಅದೇ ಜನ ಕಾಂಗ್ರೆಸ್‌ಗೆ ಹೋದರು ಅಂತ ಈ ಮೊತ್ತದಿಂದ ಸಾಬೀತಾಗಲ್ಲ, ಅದು ನೆನಪಿರಲಿ. ಆದರೆ ಮತ ಒಟ್ಟುಗೂಡೋದು, ಚದುರೋದು ಸರ್ಕಾರವನ್ನೇ ಬದಲಾಯಿಸುತ್ತೆ ಅನ್ನೋದು ಮಾತ್ರ ಸ್ಪಷ್ಟ.

ಇಷ್ಟು ಓದಿದ ಮೇಲೆ 'ಹಾಗಾದ್ರೆ ದೊಡ್ಡ ಎರಡು ಪಕ್ಷದಲ್ಲಿ ಒಂದನ್ನ ಆರಿಸಿ ಹಾಕೋದೇ ಬುದ್ಧಿವಂತಿಕೆ' ಅಂತ ಅನ್ನಿಸಬಹುದು. ಈಗ ಲ್ಯಾಬಿಗೆ ಬನ್ನಿ.

ಅಕ್ಕಪಕ್ಕದ ನಾಲ್ಕು ಕ್ಷೇತ್ರ

ಐದೂ ಊರು ಇವತ್ತು ವಿಜಯನಗರ ಜಿಲ್ಲೆಯಲ್ಲಿವೆ. ಕ್ಷೇತ್ರಗಳು ಮಾತ್ರ ನಾಲ್ಕು. 2008ರ ಮರುವಿಂಗಡಣೆಗೆ ಮೊದಲು ಕೊಟ್ಟೂರೇ ಒಂದು ವಿಧಾನಸಭಾ ಕ್ಷೇತ್ರವಾಗಿತ್ತು. ಈಗ ಕೊಟ್ಟೂರು ಪಟ್ಟಣ ಹಗರಿಬೊಮ್ಮನಹಳ್ಳಿ ಕ್ಷೇತ್ರದಲ್ಲಿ ವೋಟು ಹಾಕುತ್ತೆ. ನಾಲ್ಕರಲ್ಲಿ ಕೂಡ್ಲಿಗಿ ಪರಿಶಿಷ್ಟ ಪಂಗಡಕ್ಕೆ, ಹಗರಿಬೊಮ್ಮನಹಳ್ಳಿ ಮತ್ತು ಹಡಗಲಿ ಪರಿಶಿಷ್ಟ ಜಾತಿಗೆ ಮೀಸಲು. ಹರಪನಹಳ್ಳಿ ಸಾಮಾನ್ಯ ಕ್ಷೇತ್ರ.

2023ರ ಮೇ 10ರಂದು ನಾಲ್ಕೂ ಕಡೆ ಒಂದೇ ದಿನ ಮತದಾನ. ಮೇ 13ಕ್ಕೆ ಬಂದ ಫಲಿತಾಂಶ ಹೀಗಿತ್ತು:

ಕೂಡ್ಲಿಗಿ: ಕಾಂಗ್ರೆಸ್‌ನ ಡಾ. ಎನ್.ಟಿ. ಶ್ರೀನಿವಾಸ್ 1,04,753 ಮತ. ಎರಡನೇ ಸ್ಥಾನ ಬಿಜೆಪಿಗೆ, 50,403. ಅಂತರ 54,350.

ಹಡಗಲಿ: ಬಿಜೆಪಿಯ ಕೃಷ್ಣ ನಾಯ್ಕ 73,200. ಕಾಂಗ್ರೆಸ್‌ನ ಪಿ.ಟಿ. ಪರಮೇಶ್ವರ ನಾಯ್ಕ 71,756. ಅಂತರ 1,444.

ಹಗರಿಬೊಮ್ಮನಹಳ್ಳಿ: ಜೆಡಿಎಸ್‌ನ ಕೆ. ನೇಮರಾಜ ನಾಯ್ಕ 84,023. ಕಾಂಗ್ರೆಸ್‌ನ ಭೀಮಾ ನಾಯ್ಕ 72,679. ಅಂತರ 11,344.

ಹರಪನಹಳ್ಳಿ: ಪಕ್ಷೇತರ ಅಭ್ಯರ್ಥಿ ಲತಾ ಮಲ್ಲಿಕಾರ್ಜುನ 70,194. ಬಿಜೆಪಿಯ ಜಿ. ಕರುಣಾಕರ ರೆಡ್ಡಿ 56,349. ಅಂತರ 13,845.

ಒಂದು ಸಲ ಮತ್ತೆ ನೋಡಿ. ಪಕ್ಕಪಕ್ಕದ ನಾಲ್ಕು ಕ್ಷೇತ್ರ, ಒಂದೇ ದಿನದ ವೋಟು. ಒಂದರಲ್ಲಿ ಕಾಂಗ್ರೆಸ್, ಒಂದರಲ್ಲಿ ಬಿಜೆಪಿ, ಒಂದರಲ್ಲಿ ಜೆಡಿಎಸ್, ಒಂದರಲ್ಲಿ ಪಕ್ಷೇತರ. ರಾಜ್ಯದಲ್ಲಿ ಕಾಂಗ್ರೆಸ್ 135 ಗೆದ್ದ ಅದೇ ಚುನಾವಣೆಯಲ್ಲಿ!

ಡುವರ್ಜೆ ಹೇಳಿದ್ದು ಸುಳ್ಳಾಯ್ತಾ? ಇಲ್ಲ. ಎಲ್ಲ ಕಡೆಯೂ ನಿಜವಾದ ಪೈಪೋಟಿ ಇದ್ದದ್ದು ಕೆಲವೇ ಜನರ ನಡುವೆ. ಆದರೆ ಆ ಮೊದಲ ಇಬ್ಬರು ಪ್ರತಿ ಕ್ಷೇತ್ರದಲ್ಲೂ ಬೇರೆ ಬೇರೆ. ಇದೇ ಈ ಪಾಠದ ಮುಖ್ಯ ಅಂಶ: 'ವೇಸ್ಟ್ ವೋಟು' ಅನ್ನೋದನ್ನ ಟಿವಿಯಲ್ಲಿ ಕಾಣುವ ರಾಜ್ಯದ ಲೆಕ್ಕದಿಂದ ಅಳೆಯೋಕೆ ಆಗಲ್ಲ. ಅಳೆಯಬೇಕಾದ್ದು ನಮ್ಮ ಕ್ಷೇತ್ರದ ಲೆಕ್ಕದಿಂದ.

ಹರಪನಹಳ್ಳಿಯ ಪಾಠ: ಲೇಬಲ್ ನೋಡಿ ಲೆಕ್ಕ ಹಾಕಬೇಡಿ

ಹರಪನಹಳ್ಳಿಯಲ್ಲಿ ಹಾಲಿ ಶಾಸಕರನ್ನು ಬದಲಾಯಿಸಬೇಕು ಅಂತ ಇದ್ದ ಒಬ್ಬ ಮತದಾರನನ್ನು ಕಲ್ಪಿಸಿಕೊಳ್ಳಿ. ಅವನ ಎದುರು ಎರಡು ದಾರಿ. ಒಂದು ಕಾಂಗ್ರೆಸ್‌ನ ಅಧಿಕೃತ ಅಭ್ಯರ್ಥಿ. ಇನ್ನೊಂದು, ಕಾಂಗ್ರೆಸ್ ಟಿಕೆಟ್ ಸಿಗದೆ ಪಕ್ಷೇತರರಾಗಿ ನಿಂತ ಲತಾ ಮಲ್ಲಿಕಾರ್ಜುನ. ಅವರು ಮಾಜಿ ಉಪಮುಖ್ಯಮಂತ್ರಿ ಎಂ.ಪಿ. ಪ್ರಕಾಶ್ ಅವರ ಮಗಳು. ಇದೇ ಕ್ಷೇತ್ರದಲ್ಲಿ 2013ರಲ್ಲಿ ಕಾಂಗ್ರೆಸ್‌ನಿಂದ ಗೆದ್ದಿದ್ದ ಎಂ.ಪಿ. ರವೀಂದ್ರ ಅವರ ಸಹೋದರಿ.

'ಪಕ್ಷೇತರಕ್ಕೆ ಹಾಕಿದ್ರೆ ವೇಸ್ಟ್, ದೊಡ್ಡ ಪಾರ್ಟಿಗೆ ಹಾಕು' ಅನ್ನುವ ಸೂತ್ರವನ್ನು ಆ ಮತದಾರ ಪಾಲಿಸಿದ್ದರೆ ಏನಾಗ್ತಿತ್ತು? ಅವನ ವೋಟು ಮೂರನೇ ಸ್ಥಾನಕ್ಕೆ ಹೋಗ್ತಿತ್ತು. ಯಾಕಂದ್ರೆ ಅಲ್ಲಿ ಮೂರನೇ ಸ್ಥಾನಕ್ಕೆ ಬಂದದ್ದು ಕಾಂಗ್ರೆಸ್. ಲೆಕ್ಕಾಚಾರದ ಮತ ಅಂತ ಹೆಮ್ಮೆಯಿಂದ ಹಾಕಿದ್ದೇ ಲೆಕ್ಕ ತಪ್ಪಿದ ಮತ ಆಗ್ತಿತ್ತು. ಅಲ್ಲಿ ಮನಸ್ಸಿನ ಮತ, ಲೆಕ್ಕಾಚಾರದ ಮತ ಎರಡೂ ಒಂದೇ ಕಡೆ ಇದ್ದ ಜನ ಬಹಳ ಇದ್ದಿರಬೇಕು. ಗೆದ್ದ ಮೇಲೆ ಅವರು ಕಾಂಗ್ರೆಸ್ ಸರ್ಕಾರಕ್ಕೆ ಬೆಂಬಲ ಕೊಟ್ಟರು. ಪಕ್ಷೇತರ ಶಾಸಕರು ಹೊರಗಿಂದ ಬೆಂಬಲ ಕೊಡಬಹುದು. ಆದರೆ ಗೆದ್ದ ಮೇಲೆ ಒಂದು ಪಕ್ಷವನ್ನು ಸೇರಿಬಿಟ್ಟರೆ ಪಕ್ಷಾಂತರ ನಿಷೇಧ ಕಾನೂನಿನ ಪ್ರಕಾರ ಸ್ಥಾನ ಕಳೆದುಕೊಳ್ಳುತ್ತಾರೆ.

ಇದು ಅಪರೂಪದ ಘಟನೆ ಅಂತ ಅನ್ನಬೇಡಿ. ಪಕ್ಕದ ಕೂಡ್ಲಿಗಿಯಲ್ಲೇ 2013ರಲ್ಲಿ ಬಿ. ನಾಗೇಂದ್ರ ಪಕ್ಷೇತರರಾಗಿ ಗೆದ್ದಿದ್ದರು.

ಹಗರಿಬೊಮ್ಮನಹಳ್ಳಿಯ ಪಾಠ: ಜನ ಅವರೇ, ಬಾವುಟ ಬೇರೆ

ಇದು ನಮಗೆ ಬಹಳ ಇಷ್ಟವಾದ ಡೇಟಾ. ಈ ಕ್ಷೇತ್ರದಲ್ಲಿ 2008ರಲ್ಲಿ ಗೆದ್ದದ್ದು ಬಿಜೆಪಿ, 2013ರಲ್ಲಿ ಜೆಡಿಎಸ್, 2018ರಲ್ಲಿ ಕಾಂಗ್ರೆಸ್, 2023ರಲ್ಲಿ ಮತ್ತೆ ಜೆಡಿಎಸ್. ಪಕ್ಷದ ಹೆಸರು ಮಾತ್ರ ನೋಡಿದರೆ ಇಲ್ಲಿನ ಮತದಾರರಿಗೆ ತಲೆ ನಿಲ್ಲಲ್ಲ ಅಂತ ಅನ್ನಿಸುತ್ತೆ. ಅಭ್ಯರ್ಥಿಗಳ ಹೆಸರು ಹಾಕಿ ನೋಡಿ: 2008 ನೇಮರಾಜ ನಾಯ್ಕ, 2013 ಭೀಮಾ ನಾಯ್ಕ, 2018 ಭೀಮಾ ನಾಯ್ಕ, 2023 ನೇಮರಾಜ ನಾಯ್ಕ. ಗೆದ್ದದ್ದು ಇಬ್ಬರೇ! ಭೀಮಾ ನಾಯ್ಕ ಜೆಡಿಎಸ್‌ನಿಂದ ಕಾಂಗ್ರೆಸ್‌ಗೆ ಹೋದರು. ನೇಮರಾಜ ನಾಯ್ಕ ಬಿಜೆಪಿಯಿಂದ ಜೆಡಿಎಸ್‌ಗೆ ಬಂದರು. ಬಾವುಟ ಬದಲಾಯ್ತು, ಪೈಪೋಟಿ ಹಾಗೇ ಇತ್ತು.

ಈಗ ಪ್ರಶ್ನೆ: 2023ರಲ್ಲಿ ಈ ಕ್ಷೇತ್ರದಲ್ಲಿ 'ಸಣ್ಣ ಪಕ್ಷ' ಯಾವುದು? ರಾಜ್ಯದಲ್ಲಿ 19 ಸೀಟು ಗೆದ್ದ ಜೆಡಿಎಸ್ ಇಲ್ಲಿ ಮೊದಲನೇ ಸ್ಥಾನ. ದೇಶ ಆಳುತ್ತಿದ್ದ ಬಿಜೆಪಿ ಇಲ್ಲಿ ಮೊದಲ ಎರಡರಲ್ಲೂ ಇಲ್ಲ. ಕೊಟ್ಟೂರಿನ ಒಬ್ಬ ಬಿಜೆಪಿ ಬೆಂಬಲಿಗನಿಗೆ ಆ ದಿನ ಇದ್ದ ಪ್ರಶ್ನೆ, ಬೆಂಗಳೂರಿನಲ್ಲಿ ಸಣ್ಣ ಪಕ್ಷವೊಂದರ ಬೆಂಬಲಿಗನಿಗೆ ಇರುವ ಪ್ರಶ್ನೆಯೇ. 'ಸಣ್ಣ' ಅನ್ನೋದು ಪಕ್ಷದ ಗುಣ ಅಲ್ಲ, ಆ ಕ್ಷೇತ್ರದಲ್ಲಿ ಆ ದಿನ ಅದು ಇರುವ ಜಾಗ.

ಕೂಡ್ಲಿಗಿ ಮತ್ತು ಹಡಗಲಿ: ಅಂತರ ಅನ್ನುವ ಮೀಟರ್

1968ರಲ್ಲಿ ವಿಲಿಯಂ ರೈಕರ್ ಮತ್ತು ಪೀಟರ್ ಆರ್ಡೆಶುಕ್ ಎಂಬಿಬ್ಬರು ಒಂದು ಸಮೀಕರಣ ಬರೆದರು. ಇಂಜಿನಿಯರ್‌ಗಳಿಗೆ ಇಷ್ಟ ಆಗುವಂಥದ್ದು. ವೋಟಿನಿಂದ ಸಿಗುವ ಪ್ರತಿಫಲ = (ನನ್ನ ಒಂದು ವೋಟಿನಿಂದ ಫಲಿತಾಂಶ ಬದಲಾಗುವ ಸಂಭವ × ಬದಲಾದರೆ ಆಗುವ ಲಾಭ) − ವೋಟು ಹಾಕುವ ಖರ್ಚು + ಕರ್ತವ್ಯ ಮಾಡಿದ, ಮನಸ್ಸು ಹೇಳಿದ ಸಮಾಧಾನ.

ಲೆಕ್ಕಾಚಾರದ ಮತದ ಶಕ್ತಿ ಇರೋದು ಆ ಮೊದಲ ಭಾಗದಲ್ಲಿ. ಮನಸ್ಸಿನ ಮತದ ಶಕ್ತಿ ಇರೋದು ಕೊನೇ ಭಾಗದಲ್ಲಿ.

ಹಡಗಲಿಯಲ್ಲಿ ಅಂತರ 1,444. ಗೆದ್ದವರಿಗೆ ಹಾಕಿದವರಲ್ಲಿ 723 ಜನ ಎರಡನೆಯವರಿಗೆ ಹಾಕಿದ್ದರೆ ಫಲಿತಾಂಶ ತಿರುಗುತ್ತಿತ್ತು. ಒಂದು ಕ್ಷೇತ್ರದಲ್ಲಿ 200 ಮತಗಟ್ಟೆ ಅಂತ ಹಿಡಿದರೂ ಒಂದು ಬೂತಿಗೆ ನಾಲ್ಕು ಜನ ಕೂಡ ಬೇಡ. ಇಂಥ ಕಡೆ ಮೂರನೆಯವರಿಗೆ ಹಾಕುವ ಮೊದಲು ಎರಡು ಸಲ ಯೋಚನೆ ಮಾಡಬೇಕು. ಅಲ್ಲಿ ಬೆಲೆ ನಿಜವಾಗಿ ದೊಡ್ಡದು.

ಕೂಡ್ಲಿಗಿಯಲ್ಲಿ ಅಂತರ 54,350. ತಿರುಗಿಸೋದಕ್ಕೆ 27,176 ಜನ ಬದಲಾಗಬೇಕಿತ್ತು. ಇಂಥ ಕಡೆ 'ಸಣ್ಣ ಪಾರ್ಟಿಗೆ ಹಾಕಿ ಗೆಲುವನ್ನ ಹಾಳು ಮಾಡಬೇಡ' ಅನ್ನುವ ಮಾತಿಗೆ ಅರ್ಥವೇ ಇಲ್ಲ. ಗೆಲ್ಲುವವರು ಹೇಗಿದ್ದರೂ ಗೆಲ್ಲುತ್ತಾರೆ. ಅಲ್ಲಿ ಮೊದಲ ಇಬ್ಬರೂ ಒಪ್ಪದ ಮತದಾರ ತನ್ನ ಮನಸ್ಸಿನ ಅಭ್ಯರ್ಥಿಗೆ ಹಾಕಿದರೆ ಕಳೆದುಕೊಳ್ಳೋದು ಏನೂ ಇಲ್ಲ, ಹೇಳಬೇಕಾದ್ದನ್ನು ಹೇಳಿದ ಹಾಗೆ ಆಗುತ್ತೆ.

'ಅಂತರ ಗೊತ್ತಾಗೋದು ಎಣಿಕೆ ಮುಗಿದ ಮೇಲೆ ಅಲ್ವಾ?' ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಅದಕ್ಕೇ ಅಂದಾಜು ಬೇಕು. ಅಂದಾಜಿಗೆ ಹಿಂದಿನ ಫಲಿತಾಂಶ, ಈ ಸಲದ ಅಭ್ಯರ್ಥಿ, ಟಿಕೆಟ್ ಬಂಡಾಯ ಮೂರೂ ಬೇಕು.

ಅಂತರಕ್ಕಿಂತ ಹೆಚ್ಚು ಮತ ಪಡೆದರೆ ಸೋಲಿಸಿದಂತೆಯಾ?

ಇಲ್ಲಿ ಒಂದು ಸಾಮಾನ್ಯ ತಪ್ಪು ನಡೆಯುತ್ತೆ. ಹರಪನಹಳ್ಳಿ ಲೋಕಸಭೆಗೆ ದಾವಣಗೆರೆ ಕ್ಷೇತ್ರದಲ್ಲಿದೆ, ಉಳಿದ ಮೂರು ಬಳ್ಳಾರಿಯಲ್ಲಿವೆ. 2024ರಲ್ಲಿ ದಾವಣಗೆರೆಯಲ್ಲಿ ಕಾಂಗ್ರೆಸ್‌ನ ಪ್ರಭಾ ಮಲ್ಲಿಕಾರ್ಜುನ ಅವರು ಬಿಜೆಪಿಯ ಗಾಯತ್ರಿ ಸಿದ್ದೇಶ್ವರ ಅವರನ್ನು ಸುಮಾರು 26 ಸಾವಿರ ಮತಗಳಿಂದ ಸೋಲಿಸಿದರು. ಪಕ್ಷೇತರ ಜಿ.ಬಿ. ವಿನಯ್ ಕುಮಾರ್ ಅವರಿಗೆ 40 ಸಾವಿರಕ್ಕೂ ಹೆಚ್ಚು ಮತ ಬಂತು. ಅಂದರೆ ಗೆಲುವಿನ ಅಂತರಕ್ಕಿಂತ ಜಾಸ್ತಿ.

ಅವರಿಂದ ಬಿಜೆಪಿ ಸೋತಿತು ಅಂತ ಹೇಳಿಬಿಡಬಹುದಾ? ಹೇಳೋಕೆ ಆಗಲ್ಲ. ಅವರು ಕಾಂಗ್ರೆಸ್ ಟಿಕೆಟ್ ಆಕಾಂಕ್ಷಿಯಾಗಿದ್ದವರು. ಅವರು ನಿಲ್ಲದೇ ಇದ್ದಿದ್ದರೆ ಆ ಮತಗಳಲ್ಲಿ ಒಂದು ಭಾಗ ಕಾಂಗ್ರೆಸ್‌ಗೆ, ಒಂದು ಭಾಗ ಬಿಜೆಪಿಗೆ, ಒಂದು ಭಾಗ ಮನೆಯಲ್ಲೇ ಉಳಿಯುತ್ತಿತ್ತು. 'ಮೂರನೆಯವರ ಮತ > ಅಂತರ' ಅನ್ನೋದು ಅಗತ್ಯವಾದ ಷರತ್ತು, ಸಾಕಾಗುವ ಷರತ್ತು ಅಲ್ಲ. ಮ್ಯಾಥ್ಸ್ ಕ್ಲಾಸಿನಲ್ಲಿ ಕಲಿತ ಈ ವ್ಯತ್ಯಾಸವನ್ನು ಟಿವಿ ಚರ್ಚೆಯಲ್ಲಿ ದಿನಾ ಮರೀತಾರೆ. ಅಮೆರಿಕದ ಫ್ಲೋರಿಡಾದಲ್ಲಿ 2000ದಲ್ಲಿ ಬುಷ್ 537 ಮತಗಳಿಂದ ಗೆದ್ದಾಗ, 97 ಸಾವಿರ ಪಡೆದ ರಾಲ್ಫ್ ನೇಡರ್ ಅವರ ಮೇಲೆ ಇದೇ ಆರೋಪ ಬಂತು. ಅದರ ಚರ್ಚೆ ಇವತ್ತಿಗೂ ಮುಗಿದಿಲ್ಲ.

ಸಣ್ಣ ಪಕ್ಷಕ್ಕೆ ಹಾಕಿದ ವೋಟು ಎಲ್ಲಿಗೆ ಹೋಗುತ್ತೆ

ಸೋತ ವೋಟಿಗೂ ಕೆಲಸ ಇದೆ.

ಒಂದು, ಠೇವಣಿ. ವಿಧಾನಸಭೆಗೆ ನಿಲ್ಲಲು 10,000 ರೂಪಾಯಿ, ಪರಿಶಿಷ್ಟರಿಗೆ 5,000. ಸೋತರೂ ಸಿಂಧು ಮತಗಳಲ್ಲಿ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬಂದರೆ ವಾಪಸ್. ಎರಡು, ಮಾನ್ಯತೆ. ರಾಜ್ಯ ಪಕ್ಷ ಅಂತ ಮಾನ್ಯತೆ ಪಡೆಯಲು ಇರುವ ದಾರಿಗಳಲ್ಲಿ ಒಂದು 6% ಮತ ಜೊತೆಗೆ 2 ಶಾಸಕರು. ಸೀಟೇ ಇಲ್ಲದಿದ್ದರೂ 8% ಮತ ಬಂದರೆ ಸಾಕು ಅನ್ನುವ ದಾರಿಯೂ ಇದೆ. ಮಾನ್ಯತೆ ಸಿಕ್ಕರೆ ಎಲ್ಲ ಕಡೆ ಒಂದೇ ಚಿಹ್ನೆ ಸಿಗುತ್ತೆ. ಮೂರು, ಚೌಕಾಸಿ. 2023ರಲ್ಲಿ ಮೇಲುಕೋಟೆಯಲ್ಲಿ ಕಾಂಗ್ರೆಸ್ ಅಭ್ಯರ್ಥಿಯನ್ನೇ ಹಾಕದೆ ಸರ್ವೋದಯ ಕರ್ನಾಟಕ ಪಕ್ಷದ ದರ್ಶನ್ ಪುಟ್ಟಣ್ಣಯ್ಯ ಅವರನ್ನು ಬೆಂಬಲಿಸಿತು, ಅವರು ಗೆದ್ದರು. ರೈತ ಚಳವಳಿಗೆ ಆ ನೆಲದಲ್ಲಿ ವರ್ಷಗಳಿಂದ ಮತ ಇದ್ದದ್ದಕ್ಕೇ ಆ ಮಾತುಕತೆ ಸಾಧ್ಯವಾಯ್ತು. ಮೆಸ್ಸಿನ ಉದಾಹರಣೆಯಲ್ಲಿ ಆ 25 ಜನ ಒಂದು ಸಲ ತೋರಿಸಿಕೊಂಡಿದ್ದಕ್ಕೆ ಮಂಡಕ್ಕಿಯವರು ಮುಂದಿನ ವಾರ ಬಂದು 'ನೀವು ಈ ವಾರ ನಮಗೆ, ನಾವು ಮುಂದಿನ ವಾರ ನಿಮಗೆ' ಅಂದ ಹಾಗೆ.

ಬೆಳವಣಿಗೆಯೂ ಸಾಧ್ಯ. 2012ರಲ್ಲಿ ಹುಟ್ಟಿದ ಆಮ್ ಆದ್ಮಿ ಪಕ್ಷ ದೆಹಲಿಯಲ್ಲಿ 2013ಕ್ಕೆ 28, 2015ಕ್ಕೆ 70ರಲ್ಲಿ 67 ಸೀಟು ಗೆದ್ದಿತು. ಆದರೆ ಅದೇ ಪಕ್ಷ 2023ರಲ್ಲಿ ಕರ್ನಾಟಕದಲ್ಲಿ 200ಕ್ಕೂ ಹೆಚ್ಚು ಕಡೆ ನಿಂತು ಒಂದೂ ಗೆಲ್ಲಲಿಲ್ಲ.

ಇದನ್ನು ಹೂಡಿಕೆ ಅಂತ ನೋಡಿದರೆ ರಿಸ್ಕ್ ಕೂಡ ಹೇಳಬೇಕು. ನಮ್ಮ ಭಾಗದಲ್ಲಿ ಆ ರಿಸ್ಕ್ ಎಲ್ಲರಿಗೂ ಗೊತ್ತು. ಬಿಎಸ್‌ಆರ್ ಕಾಂಗ್ರೆಸ್ 2013ರಲ್ಲಿ 4 ಸೀಟು ಗೆದ್ದು 2014ರ ಹೊತ್ತಿಗೆ ಬಿಜೆಪಿಯಲ್ಲಿ ಸೇರಿಹೋಯಿತು. ಕೆಜೆಪಿ ಕಥೆಯೂ ಅದೇ. 2022ರ ಡಿಸೆಂಬರ್‌ನಲ್ಲಿ ಜನಾರ್ದನ ರೆಡ್ಡಿ ಅವರು ಕಲ್ಯಾಣ ರಾಜ್ಯ ಪ್ರಗತಿ ಪಕ್ಷ ಕಟ್ಟಿದರು. 2023ರಲ್ಲಿ ಗಂಗಾವತಿ ಒಂದೇ ಗೆದ್ದಿತು. 2024ರ ಮಾರ್ಚ್‌ನಲ್ಲಿ ಅದೂ ಬಿಜೆಪಿಯಲ್ಲಿ ವಿಲೀನ. 2018ರಲ್ಲಿ ಕೊಳ್ಳೇಗಾಲದಿಂದ ಬಿಎಸ್‌ಪಿಯ ಎನ್. ಮಹೇಶ್ ಗೆದ್ದಾಗ ಅದು ದೊಡ್ಡ ಸುದ್ದಿ. ಆಮೇಲೆ ಅವರೂ ಬಿಜೆಪಿ ಸೇರಿದರು. ಹಾಗಾಗಿ ಸಣ್ಣ ಪಕ್ಷಕ್ಕೆ ಹಾಕುವ ಮೊದಲು ಕೇಳಬೇಕಾದ ಪ್ರಶ್ನೆ 'ಗೆಲ್ತಾರಾ?' ಅನ್ನೋದು ಮಾತ್ರ ಅಲ್ಲ. 'ಸೋತ ಮೇಲೂ ಇರ್ತಾರಾ?' ಚುನಾವಣೆ ಇಲ್ಲದ ವರ್ಷದಲ್ಲಿ ತಾಲ್ಲೂಕು ಆಫೀಸಿನ ಮುಂದೆ, ಗ್ರಾಮ ಪಂಚಾಯಿತಿಯಲ್ಲಿ, ರೈತರ ಸಾಲಿನಲ್ಲಿ ಆ ಪಕ್ಷದ ಯಾರಾದರೂ ಕಾಣಿಸಿದ್ದಾರಾ? ಒಬ್ಬ ನಾಯಕರ ಸಿಟ್ಟಿನಿಂದ ಹುಟ್ಟಿದ ಪಕ್ಷ ಆ ಸಿಟ್ಟು ಇಳಿದ ದಿನ ಮುಗಿಯುತ್ತೆ. ಕೆಲಸದಿಂದ ಹುಟ್ಟಿದ ಪಕ್ಷ ಸೋಲನ್ನು ತಡೆದುಕೊಳ್ಳುತ್ತೆ.

ಪದ್ಧತಿಯನ್ನೇ ಬದಲಾಯಿಸಿದರೆ?

ನಮ್ಮಲ್ಲಿ ಕೆಲವರ ವಾದ ಇದು: 'ಬಗ್ ಇರೋದು ಸಿಸ್ಟಮ್‌ನಲ್ಲಿ, ಮತದಾರರನ್ನ ಯಾಕೆ ಬೈತೀರಿ?' ಪರ್ಯಾಯ ಪದ್ಧತಿ ನಮ್ಮ ರಾಜ್ಯದಲ್ಲೇ ಇದೆ. ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದಲ್ಲಿ ಅಭ್ಯರ್ಥಿಗಳ ಮುಂದೆ 1, 2, 3 ಅಂತ ಪ್ರಾಶಸ್ತ್ಯ ಬರೆಯಬೇಕು. ಮೊದಲ ಆಯ್ಕೆಯವರು ಹೊರಬಿದ್ದರೆ ಮತ ಎರಡನೇ ಆಯ್ಕೆಗೆ ಹೋಗುತ್ತೆ. ಮೆಸ್ಸಿನಲ್ಲಿ ಈ ಪದ್ಧತಿ ಇದ್ದಿದ್ದರೆ ಗಿರ್ಮಿಟ್ ಹೊರಬಿದ್ದು, ಮಂಡಕ್ಕಿಗೆ 60 ಆಗಿ ಗೆಲ್ಲುತ್ತಿತ್ತು. ನಾವು ಡಿಗ್ರಿ ಮುಗಿಸಿ ಮೂರು ವರ್ಷ ಆದ ಮೇಲೆ ಆ ಕ್ಷೇತ್ರಕ್ಕೆ ನಮಗೂ ವೋಟು ಬರುತ್ತೆ, ಹೆಸರು ಸೇರಿಸಿಕೊಂಡರೆ.

ಆದರೆ ಅದೂ ಪರಿಪೂರ್ಣ ಅಲ್ಲ. ಅಲನ್ ಗಿಬ್ಬಾರ್ಡ್ 1973ರಲ್ಲಿ, ಮಾರ್ಕ್ ಸ್ಯಾಟರ್ತ್‌ವೇಟ್ 1975ರಲ್ಲಿ ಬೇರೆ ಬೇರೆಯಾಗಿ ಸಾಧಿಸಿ ತೋರಿಸಿದ್ದು ಇದು: ಗೆಲ್ಲುವ ಸಾಧ್ಯತೆ ಇರುವವರು ಮೂರು ಅಥವಾ ಹೆಚ್ಚು ಇದ್ದು, ಒಬ್ಬನೇ ಎಲ್ಲ ನಿರ್ಧಾರ ಮಾಡುವ ಸರ್ವಾಧಿಕಾರ ಇಲ್ಲದಿದ್ದರೆ, ಚೀಟಿ ಎತ್ತದೆ ನಡೆಸುವ ಯಾವ ಮತಪದ್ಧತಿಯಲ್ಲೂ ಯಾರಾದರೂ ಒಬ್ಬರು ಮನಸ್ಸಿನಲ್ಲಿ ಇಲ್ಲದ್ದನ್ನು ಬರೆದು ಲಾಭ ಪಡೆಯುವ ಸಂದರ್ಭ ಇದ್ದೇ ಇರುತ್ತೆ. ಅಂದರೆ ಲೆಕ್ಕಾಚಾರವನ್ನು ಕಡಿಮೆ ಮಾಡಬಹುದು, ಪೂರ್ತಿ ತೆಗೆಯೋಕೆ ಆಗಲ್ಲ.

ನಮ್ಮ ವಿಧಾನ: ನಾಲ್ಕು ಪ್ರಶ್ನೆ

1. ನನ್ನ ಕ್ಷೇತ್ರದಲ್ಲಿ ಮೊದಲ ಇಬ್ಬರು ಯಾರು? ಪಕ್ಷದ ಹೆಸರಲ್ಲಿ ಅಲ್ಲ, ಅಭ್ಯರ್ಥಿ ಹೆಸರಲ್ಲಿ ಉತ್ತರ ಬರೆಯಿರಿ. (ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ನೆನಪಿರಲಿ.)

2. ಪೈಪೋಟಿ ಹತ್ತಿರದ್ದಾ, ದೂರದ್ದಾ? ದೂರದ್ದಾದರೆ ಮನಸ್ಸಿನ ಮತ ಹಾಕಿ, ಯೋಚನೆ ಬೇಡ. (ಕೂಡ್ಲಿಗಿ.)

3. ಹತ್ತಿರದ್ದಾದರೆ, ಆ ಇಬ್ಬರ ನಡುವೆ ನನಗೆ ನಿಜವಾಗಿ ವ್ಯತ್ಯಾಸ ಇದೆಯಾ? ಇದ್ದರೆ ಲೆಕ್ಕಾಚಾರದ ಮತಕ್ಕೆ ಕಾರಣ ಇದೆ. (ಹಡಗಲಿ.) ಇಬ್ಬರೂ ಒಂದೇ ಅಂತ ಅನ್ನಿಸಿದರೆ ಲಾಭ ಸೊನ್ನೆ. ಸೊನ್ನೆಯನ್ನು ಯಾವ ಸಂಭವದಿಂದ ಗುಣಿಸಿದರೂ ಸೊನ್ನೆಯೇ.

4. ನಾನು ಇಷ್ಟಪಡುವ ಸಣ್ಣ ಪಕ್ಷ ಮುಂದಿನ ಚುನಾವಣೆವರೆಗೂ ಇರುತ್ತಾ? ಇರುತ್ತೆ ಅನ್ನುವ ನಂಬಿಕೆ ಇದ್ದರೆ ಇವತ್ತಿನ ಸೋಲು ನಾಳಿನ ಬಂಡವಾಳ.

ನಾವು ಬರೆಯುವವರಲ್ಲೇ ಈ ನಾಲ್ಕಕ್ಕೂ ಒಂದೇ ಉತ್ತರ ಇಲ್ಲ. ಇರಬೇಕಾಗಿಯೂ ಇಲ್ಲ. ಆದರೆ ಒಂದು ಮಾತಿಗೆ ಎಲ್ಲರೂ ಒಪ್ಪಿದ್ದೇವೆ: ಮತ ವ್ಯರ್ಥ ಆಗೋದು ಸೋತವರಿಗೆ ಹಾಕಿದಾಗ ಅಲ್ಲ. ಬೇರೆಯವರು 'ವೇಸ್ಟ್' ಅಂದ ಒಂದೇ ಕಾರಣಕ್ಕೆ ಬದಲಾಯಿಸಿದಾಗ ವ್ಯರ್ಥ ಆಗುತ್ತೆ. ಯಾಕಂದ್ರೆ ಆಗ ಅದು ಮನಸ್ಸಿನ ಮತವೂ ಅಲ್ಲ, ಲೆಕ್ಕಾಚಾರದ ಮತವೂ ಅಲ್ಲ. ಹೇಳಿದವರ ಮತ ಅಷ್ಟೇ. 'ಅವರು ಗೆಲ್ಲಲ್ಲ' ಅನ್ನೋದನ್ನ ಹೆಚ್ಚು ಜೋರಾಗಿ ಹೇಳುವವರು ಯಾರು, ಹೇಳಿದರೆ ಅವರಿಗೇನು ಲಾಭ ಅಂತ ಒಂದು ಸಲ ನೋಡಿ.

ಹೋಮ್‌ವರ್ಕ್

ರಾಜ್ಯ ಮುಖ್ಯ ಚುನಾವಣಾಧಿಕಾರಿಗಳ ವೆಬ್‌ಸೈಟಿನಲ್ಲಿ 'ನಮೂನೆ 20' ಅಂತ ಇರುತ್ತೆ. ಅದರಲ್ಲಿ ಪ್ರತಿ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಮತ ಅನ್ನೋದು ಸಿಗುತ್ತೆ. ನಿಮ್ಮ ಊರಿನ ಬೂತು ಹುಡುಕಿ, 2018 ಮತ್ತು 2023 ಎರಡನ್ನೂ ಎಕ್ಸೆಲ್‌ಗೆ ಹಾಕಿ. ಮೂರನೇ ಸ್ಥಾನದಿಂದ ಕೆಳಗಿನವರ ಮತ ಕೂಡಿಸಿ, ಗೆಲುವಿನ ಅಂತರದ ಪಕ್ಕ ಇಡಿ. ಒಂದು ಸಂಜೆಯ ಕೆಲಸ. ಅದರ ಮುಂದೆ ಯಾವ ಟಿವಿ ಚರ್ಚೆಯೂ ಸಪ್ಪೆ.

ಕೊನೇ ವಿಷಯ. ಈಗ ಮತದಾರರ ಪಟ್ಟಿಗೆ ಸೇರಲು ವರ್ಷದಲ್ಲಿ ನಾಲ್ಕು ಅರ್ಹತಾ ದಿನಾಂಕ ಇವೆ: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. ಆ ದಿನಕ್ಕೆ 18 ತುಂಬಿದ್ದರೆ ನಮೂನೆ 6 ತುಂಬಬಹುದು. ಊರಿನ ವಿಳಾಸದಲ್ಲಿ ಸೇರಬಹುದು, ಹಾಸ್ಟೆಲ್ ವಿಳಾಸದಲ್ಲೂ ಸೇರಬಹುದು, ಆದರೆ ಒಂದೇ ಕಡೆ. ಅದೂ ಒಂದು ಲೆಕ್ಕಾಚಾರವೇ: ನಿಮ್ಮ ಊರು ಹಡಗಲಿಯಂಥ ಕ್ಷೇತ್ರದಲ್ಲಿದ್ದರೆ, ಬಸ್ ಚಾರ್ಜ್ ಕೊಟ್ಟು ಹೋಗಿ ಬರೋದು ಖಂಡಿತ ನಷ್ಟ ಅಲ್ಲ. ಹೆಸರು ಸೇರಿಸಿ. ಪಟ್ಟಿಯಲ್ಲಿ ಹೆಸರೇ ಇಲ್ಲದವರಿಗೆ ಮನಸ್ಸಿನ ಮತವೂ ಇಲ್ಲ, ಲೆಕ್ಕಾಚಾರದ ಮತವೂ ಇಲ್ಲ.